ಬರ್ನರ್ ಉರೀತಾನೇ ಇತ್ತು, ಗ್ಯಾಸು ಟ್ಯಾಂಕಿನ ಮೇಲಿಂದ ಹೋಗ್ತಾನೇ ಇತ್ತು: ಕೊಲೊರಾಡೊ ಟ್ಯಾಂಕುಗಳ ಪ್ರಕರಣ

2015ರ ಏಪ್ರಿಲ್ 22ಕ್ಕೆ ಅಮೆರಿಕದ ನ್ಯಾಯ ಇಲಾಖೆ, ಅಲ್ಲಿನ ಪರಿಸರ ಸಂಸ್ಥೆ ಇಪಿಎ, ಮತ್ತೆ ಕೊಲೊರಾಡೊ ರಾಜ್ಯ ಸೇರಿ ನೋಬಲ್ ಎನರ್ಜಿ ಅನ್ನೋ ತೈಲ ಕಂಪನಿ ಜೊತೆ ಮಾಡ್ಕೊಂಡ ರಾಜಿ ಒಪ್ಪಂದವನ್ನ ಪ್ರಕಟಿಸಿದ್ವು. ದಂಡ 49.5 ಲಕ್ಷ ಡಾಲರ್, ಟ್ಯಾಂಕ್ ವ್ಯವಸ್ಥೆ ರಿಪೇರಿ, ತಪಾಸಣೆ ಎಲ್ಲಾ ಸೇರಿ ಸುಮಾರು 6 ಕೋಟಿ ಡಾಲರ್, ಪರಿಸರಕ್ಕೆ ಸಂಬಂಧಪಟ್ಟ ಬೇರೆ ಕೆಲಸಗಳಿಗೆ ಇನ್ನೂ 85 ಲಕ್ಷ. 3,400ಕ್ಕೂ ಹೆಚ್ಚು ಟ್ಯಾಂಕ್ ಬ್ಯಾಟರಿಗಳು, ಅಂದ್ರೆ ಒಂದೇ ಕಡೆ ಸಾಲಾಗಿ ನಿಲ್ಲಿಸಿರೋ ಟ್ಯಾಂಕುಗಳ ಗುಂಪು, ಈ ಒಪ್ಪಂದದೊಳಗೆ ಬಂದ್ವು. ದುಡ್ಡಿನ ಲೆಕ್ಕ ನೋಡಿ ದೊಡ್ಡ ಕೇಸು ಅನ್ಸತ್ತೆ, ಆದ್ರೆ ನನಗೆ ಇದು ಮುಖ್ಯ ಅನ್ಸೋದು ಬೇರೆ ಕಾರಣಕ್ಕೆ. ಇವು ಸುಮ್ನೆ ಬಾಯಿ ತೆರೆದು ಬಿಟ್ಟಿದ್ದ ಟ್ಯಾಂಕುಗಳಲ್ಲ. ಎಲ್ಲದಕ್ಕೂ ಮುಚ್ಚಳ ಇತ್ತು, ಗ್ಯಾಸ್ ಹಿಡಿಯೋ ಪೈಪಿತ್ತು, ಅದನ್ನ ಸುಡೋ ಬರ್ನರ್ ಇತ್ತು, ಕಾಗದದಲ್ಲಿ ಇವಕ್ಕೆ ನಿಯಂತ್ರಣ ಇರೋ ಟ್ಯಾಂಕು ಅಂತಲೇ ಹೆಸರು. ಆರೋಪ ಏನಂದ್ರೆ, ಆ ವ್ಯವಸ್ಥೆಯ ಡಿಸೈನು, ಅಳತೆ, ನಿರ್ವಹಣೆ ಸರಿಯಿಲ್ಲದೆ ಗ್ಯಾಸು ಬರ್ನರ್ ತನಕ ಹೋಗೋ ಬದಲು ಟ್ಯಾಂಕಿನ ಮೇಲಿಂದಲೇ ಹೊರಗೆ ಹೋಗ್ತಿದೆ ಅನ್ನೋದು.

ಸ್ವಲ್ಪ ಜಾಗದ ಬಗ್ಗೆ. ಡೆನ್ವರ್ ನಗರದ ಉತ್ತರಕ್ಕೆ ಡೆನ್ವರ್-ಜೂಲ್ಸ್‌ಬರ್ಗ್ ಬೇಸಿನ್ ಅಂತ ಒಂದು ತೈಲ ಪ್ರದೇಶ ಇದೆ, ಅದರಲ್ಲಿ ವಾಟೆನ್‌ಬರ್ಗ್ ಕ್ಷೇತ್ರ, ಹೆಚ್ಚಿನ ಬಾವಿಗಳು ವೆಲ್ಡ್ ಕೌಂಟಿಯಲ್ಲಿ. ಇಲ್ಲಿ ಬರೋದು ದಪ್ಪ ಕಚ್ಚಾ ತೈಲಕ್ಕಿಂತ ಹಗುರ ಇರೋ ಕಂಡೆನ್ಸೇಟು, ಒಳಗೆ ಗ್ಯಾಸು ಬಹಳ ಕರಗಿರತ್ತೆ. ಅದೇ ಹೊತ್ತಿಗೆ ಡೆನ್ವರ್ ಸುತ್ತಮುತ್ತಲ ಪ್ರದೇಶ ಓಝೋನ್ ಮಿತಿಯೊಳಗೆ ಇರೋಕಾಗದೆ ಒದ್ದಾಡ್ತಿದ್ದ ಪ್ರದೇಶ. ನೆಲಮಟ್ಟದ ಓಝೋನ್ ಯಾರೂ ಚಿಮಣಿಯಿಂದ ಬಿಡೋದಲ್ಲ, ವಿಒಸಿ ಅಂತ ಕರೆಯೋ ಹೈಡ್ರೋಕಾರ್ಬನ್ ಆವಿಗಳು ಮತ್ತೆ ನೈಟ್ರೋಜನ್ ಆಕ್ಸೈಡು ಸೇರಿ ಬಿಸಿಲಲ್ಲಿ ತಯಾರಾಗೋದು. ಟ್ಯಾಂಕಿಂದ ಹೋಗೋ ಆವಿ ಇದಕ್ಕೆ ನೇರ ಕಚ್ಚಾಮಾಲು, ಉಸಿರಾಟದ ತೊಂದರೆ ಇರೋ ಮಕ್ಕಳು, ವಯಸ್ಸಾದವರು ಅದರ ಬೆಲೆ ಕಟ್ತಾರೆ. ಹಾಗಾಗಿ ಟ್ಯಾಂಕಿನ ಮುಚ್ಚಳದ ವಿಷಯ ಸಣ್ಣದಲ್ಲ.

ಗ್ಯಾಸು ಬರೋದು ಎಲ್ಲಿಂದ

ಬಾವಿಯಿಂದ ತೈಲ, ನೀರು, ಗ್ಯಾಸು ಎಲ್ಲಾ ಒಟ್ಟಿಗೆ ಬರತ್ತೆ, ಮೊದಲು ಸೆಪರೇಟರ್ ಅನ್ನೋ ಪ್ರೆಶರ್ ಪಾತ್ರೆಗೆ ಹೋಗತ್ತೆ, ಅಲ್ಲಿ ಗ್ಯಾಸು ಮೇಲಿಂದ ಪೈಪ್‌ಲೈನಿಗೆ, ದ್ರವ ಕೆಳಗೆ. ಕೆಳಗೆ ದ್ರವದ ಮಟ್ಟ ಒಂದು ಹಂತಕ್ಕೆ ಏರಿದ ತಕ್ಷಣ ಡಂಪ್ ವಾಲ್ವ್ ತೆರೆದುಕೊಂಡು ಅಷ್ಟೂ ದ್ರವವನ್ನ ಟ್ಯಾಂಕಿಗೆ ತಳ್ಳತ್ತೆ, ಮಟ್ಟ ಇಳಿದ ಮೇಲೆ ಮುಚ್ಚತ್ತೆ. ಸೆಪರೇಟರ್ ಒಳಗೆ ಪ್ರೆಶರ್ ಜಾಸ್ತಿ, ಟ್ಯಾಂಕಲ್ಲಿ ಹೆಚ್ಚುಕಮ್ಮಿ ಹೊರಗಿನ ಗಾಳಿಯಷ್ಟೇ. ಸೋಡಾ ಬಾಟ್ಲಿ ಮುಚ್ಚಳ ತೆಗೆದಾಗ ಏನಾಗತ್ತೋ ಅದೇ ಇಲ್ಲೂ ಆಗತ್ತೆ, ಕರಗಿದ್ದ ಗ್ಯಾಸು ಒಮ್ಮೆಲೇ ಹೊರಗೆ ಬರತ್ತೆ. ಇದಕ್ಕೆ ಫ್ಲ್ಯಾಶಿಂಗ್ ಅಂತಾರೆ. ಟ್ಯಾಂಕ್ ತುಂಬ್ತಾ ಇದ್ದಾಗ ಮೇಲಿನ ಆವಿ ಹೊರಗೆ ತಳ್ಳಿಸಿಕೊಳ್ಳೋದು, ಹಗಲು ಬಿಸಿಲಿಗೆ ಕಾದು ಆವಿ ಹಿಗ್ಗೋದು ಅಂತ ಇನ್ನೆರಡು ದಾರಿ ಇವೆ, ಆದ್ರೆ ಇಂಥ ಬಾವಿ ಪಕ್ಕದ ಟ್ಯಾಂಕಲ್ಲಿ ದೊಡ್ಡ ಪಾಲು ಫ್ಲ್ಯಾಶಿಂಗ್‌ದೇ. ರಿಫೈನರಿಯ ದೊಡ್ಡ ಟ್ಯಾಂಕು, ತೇಲೋ ಛಾವಣಿ ಇರೋದು, ಅದರ ಕಥೆ ಬೇರೆ, ಅಲ್ಲಿ ಛಾವಣಿ ಅಂಚಿನ ಸೀಲು ಮತ್ತೆ ಛಾವಣಿಗೆ ತೂತು ಮಾಡಿ ಹಾಕಿರೋ ಕಂಬ, ಮುಚ್ಚಳಗಳು ಮುಖ್ಯ ಆಗತ್ತೆ. ಇಲ್ಲಿ ಅದನ್ನ ಬಿಡ್ತೀನಿ.

ಈ ಟ್ಯಾಂಕುಗಳು ಎಷ್ಟು ಸೂಕ್ಷ್ಮ ಅಂತ ಹೊರಗಿಂದ ನೋಡಿದವರಿಗೆ ಗೊತ್ತಾಗಲ್ಲ. ಉಕ್ಕಿನ ದೊಡ್ಡ ಡಬ್ಬ ಥರ ಕಾಣತ್ತೆ, ಆದ್ರೆ ತಡೆಯೋ ಪ್ರೆಶರ್ ಔನ್ಸ್ ಲೆಕ್ಕದಲ್ಲಿ, ಚದರ ಇಂಚಿಗೆ 16 ಔನ್ಸ್, ಅಂದ್ರೆ ಒಂದು ಪೌಂಡ್, ಅಂದ್ರೆ 1 ಪಿಎಸ್‌ಐ, ಅಷ್ಟೇ. ಅದಕ್ಕಿಂತ ಮೇಲೆ ಹೋದ್ರೆ ಟ್ಯಾಂಕ್ ಒಡೆದುಹೋಗಬಾರದು ಅಂತ ಮೇಲೆ ಪ್ರೆಶರ್ ರಿಲೀಫ್ ವಾಲ್ವು ಮತ್ತೆ ಥೀಫ್ ಹ್ಯಾಚ್ ಇರತ್ತೆ. ಥೀಫ್ ಹ್ಯಾಚ್ ಅಂದ್ರೆ ಟ್ಯಾಂಕ್ ತಲೆ ಮೇಲಿರೋ ಸ್ಪ್ರಿಂಗ್ ಮುಚ್ಚಳ, ತೈಲದ ಮಟ್ಟ ಅಳೆಯೋಕೆ, ಸ್ಯಾಂಪಲ್ ತೆಗೆಯೋಕೆ ತೆಗೀತಾರೆ, ಪ್ರೆಶರ್ ಜಾಸ್ತಿ ಆದ್ರೆ ತಾನೇ ಎದ್ದು ಗ್ಯಾಸ್ ಬಿಡತ್ತೆ. ಇದು ಸೇಫ್ಟಿಗೆ ಬೇಕೇ ಬೇಕು. ತೊಂದರೆ ಏನಂದ್ರೆ ಅಪರೂಪಕ್ಕೆ ಏಳಬೇಕಾದ್ದು ದಿನಾ ಏಳ್ತಿದ್ರೆ ಯಾರಿಗೂ ಗೊತ್ತಾಗಲ್ಲ, ಆವಿ ಕಣ್ಣಿಗೆ ಕಾಣಲ್ಲ.

ಸರಾಸರಿ ಲೆಕ್ಕ ಮಾಡೋ ಮೋಸ

ಇಡೀ ಪ್ರಕರಣದ ಬೇರು ಇಲ್ಲೇ ಇದೆ ಅಂತ ನನ್ನ ನಂಬಿಕೆ, ಅದಕ್ಕೆ ಸ್ವಲ್ಪ ಲೆಕ್ಕ ಮಾಡೋಣ. ಇವು ಆ ಕಂಪನಿಯ ಅಂಕಿಗಳಲ್ಲ, ಅರ್ಥ ಆಗಲಿ ಅಂತ ನಾನು ಹಿಡ್ಕೊಂಡಿರೋ ಅಂಕಿಗಳು.

ಒಂದು ಬಾವಿ ದಿನಕ್ಕೆ 100 ಬ್ಯಾರೆಲ್ ಕೊಡತ್ತೆ ಅಂದ್ಕೊಳ್ಳಿ, ಒಂದು ಬ್ಯಾರೆಲ್ ಅಂದ್ರೆ 159 ಲೀಟರ್. ಪ್ರತಿ ಬ್ಯಾರೆಲ್‌ಗೆ 3 ಘನ ಮೀಟರ್ ಗ್ಯಾಸು ಬಿಡುಗಡೆ ಆಗತ್ತೆ ಅಂತಿಟ್ಕೊಳ್ಳಿ. ದಿನಕ್ಕೆ 300 ಘನ ಮೀಟರ್, ದಿನದಲ್ಲಿ 1,440 ನಿಮಿಷ, ಭಾಗಿಸಿದ್ರೆ ನಿಮಿಷಕ್ಕೆ ಸುಮಾರು 0.21 ಘನ ಮೀಟರ್. ಇಂಜಿನಿಯರ್ ಒಬ್ಬ ಇದಕ್ಕೆ ನಾಲ್ಕು ಪಟ್ಟು ಸಾಮರ್ಥ್ಯದ ಪೈಪು, ಬರ್ನರ್ ಹಾಕಿದ, ನಿಮಿಷಕ್ಕೆ 0.83 ಘನ ಮೀಟರ್ ಎಳ್ಕೊಳ್ಳತ್ತೆ. ಕಾಗದದ ಮೇಲೆ ನೋಡಿದವರು ಧಾರಾಳವಾಗೇ ಹಾಕಿದ್ದಾನೆ ಅಂತಾರೆ. ಆದ್ರೆ ಡಂಪ್ ವಾಲ್ವ್ ದಿನವಿಡೀ ಸಣ್ಣಗೆ ಸುರಿಯಲ್ಲ, ಒಂದು ಸಲಕ್ಕೆ ಒಂದು ಬ್ಯಾರೆಲ್ಲು ಒಂದೇ ನಿಮಿಷದಲ್ಲಿ ಬಿಡತ್ತೆ ಅಂದ್ರೆ ಆ ನಿಮಿಷದಲ್ಲಿ ಬರೋದು 3 ಘನ ಮೀಟರ್, ಸರಾಸರಿಯ 14 ಪಟ್ಟು. ದಿನದ 1,340 ನಿಮಿಷ ಟ್ಯಾಂಕು ತಣ್ಣಗಿರತ್ತೆ, ಉಳಿದ 100 ನಿಮಿಷದಲ್ಲಿ ಇಷ್ಟೂ ಆಗಿಹೋಗತ್ತೆ. ಆ ನಿಮಿಷದಲ್ಲಿ ಬರ್ನರ್ 0.83 ತಗೊಂಡ್ರೆ ಉಳಿದ ಸುಮಾರು 2.2 ಘನ ಮೀಟರ್ ಎಲ್ಲಿಗೆ ಹೋಗಬೇಕು?

ಟ್ಯಾಂಕಿನ ಮೇಲ್ಭಾಗದ ಖಾಲಿ ಜಾಗದಲ್ಲಿ ಒತ್ತಿಕೊಂಡು ಕೂರಬೇಕು. 400 ಬ್ಯಾರೆಲ್ ಟ್ಯಾಂಕು ಅರ್ಧ ಖಾಲಿ ಇದ್ರೆ ಸುಮಾರು 32 ಘನ ಮೀಟರ್ ಜಾಗ ಇದೆ. ಆ ಎತ್ತರದ ಪ್ರದೇಶದಲ್ಲಿ ಗಾಳಿ ಒತ್ತಡ 12 ಪಿಎಸ್‌ಐ ಆಸುಪಾಸು, ಅಂದ್ರೆ ಒಳಗಿನ ಪ್ರೆಶರ್ 1 ಪಿಎಸ್‌ಐ ಏರೋ ತನಕ ಅದು ಹಿಡಿದಿಟ್ಕೊಳ್ಳೋದು ಹೆಚ್ಚೂಕಮ್ಮಿ 2.6 ಘನ ಮೀಟರ್. ಸರಿ, ಹೇಗೋ ಬಚಾವು. ಅದೇ ಟ್ಯಾಂಕು ತುಂಬೋಕೆ ಬಂದು 20 ಬ್ಯಾರೆಲ್ ಜಾಗ ಮಾತ್ರ ಉಳಿದಿದ್ರೆ? ಕಾಲು ಘನ ಮೀಟರ್ ತುಂಬೋ ಅಷ್ಟರಲ್ಲಿ ಮುಚ್ಚಳ ಏಳತ್ತೆ. ಅದೇ ಬಾವಿ, ಅದೇ ವಾಲ್ವು, ಅದೇ ಬರ್ನರ್, ಅರ್ಧ ಖಾಲಿ ಇದ್ದಾಗ ಸೋರಲ್ಲ, ತುಂಬೋಕೆ ಬಂದಾಗ ಸೋರತ್ತೆ. ಇನ್ನು ಎರಡು ಬಾವಿ ಒಂದೇ ನಿಮಿಷಕ್ಕೆ ಡಂಪ್ ಆದ್ರೆ ಅರ್ಧ ಖಾಲಿ ಟ್ಯಾಂಕೂ ತಡೆಯಲ್ಲ. ಒಂದೇ ಟ್ಯಾಂಕ್ ಗುಂಪಿಗೆ ಹಲವು ಬಾವಿಗಳು ಸೇರೋದು ಸಾಮಾನ್ಯ.

ನೋಬಲ್ ಒಪ್ಪಂದದಲ್ಲಿ ಈ ಕ್ಷಣದ ಗರಿಷ್ಠ ಹರಿವನ್ನೇ ಲೆಕ್ಕದ ಕೇಂದ್ರಕ್ಕೆ ತಂದ್ರು. ಪ್ರತಿ ಟ್ಯಾಂಕ್ ವ್ಯವಸ್ಥೆಗೂ ಅದು ಒಂದು ಕ್ಷಣದಲ್ಲಿ ಎಷ್ಟು ಆವಿ ಕೊಡಬಲ್ಲದು ಅಂತ ಮಾಡೆಲ್ ಮಾಡಿ ಲೆಕ್ಕ ಹಾಕಬೇಕು, ಪೈಪು ಬರ್ನರ್ ಅದನ್ನ ತಡೆಯತ್ತಾ ಅಂತ ಇಂಜಿನಿಯರಿಂಗ್ ಪರಿಶೀಲನೆ ಮಾಡಬೇಕು, ತಡೆಯದಿದ್ರೆ ಬದಲಾಯಿಸಬೇಕು, ಬದಲಾಯಿಸಿದ ಮೇಲೆ ಇನ್‌ಫ್ರಾರೆಡ್ ಕ್ಯಾಮೆರಾದಲ್ಲಿ ನೋಡಿ ಖಾತ್ರಿ ಮಾಡ್ಕೊಬೇಕು. ವರ್ಷಕ್ಕೆ ಇಷ್ಟು ಟನ್ ಅನ್ನೋ ಭಾಷೆಯಿಂದ ಆ ನಿಮಿಷದಲ್ಲಿ ಎಷ್ಟು ಅನ್ನೋ ಭಾಷೆಗೆ ಬಂದಿದ್ದೇ ಈ ಪ್ರಕರಣದ ದೊಡ್ಡ ಸಾಧನೆ.

ಕಂಡಿದ್ದು ಹೇಗೆ

ಅಧಿಕಾರಿಗಳ ಕೈಲಿದ್ದ ಮುಖ್ಯ ಸಲಕರಣೆ ಇನ್‌ಫ್ರಾರೆಡ್ ಗ್ಯಾಸ್ ಕ್ಯಾಮೆರಾ. ಹೈಡ್ರೋಕಾರ್ಬನ್ ಅಣುವಲ್ಲಿರೋ ಇಂಗಾಲ-ಜಲಜನಕ ಬಂಧ 3.3 ಮೈಕ್ರಾನ್ ತರಂಗಾಂತರದ ಹತ್ತಿರದ ಇನ್‌ಫ್ರಾರೆಡ್ ಕಿರಣವನ್ನ ಹೀರ್ಕೊಳ್ಳತ್ತೆ, ಕ್ಯಾಮೆರಾ ಒಳಗಿನ ಫಿಲ್ಟರು 3.2ರಿಂದ 3.4 ಮೈಕ್ರಾನ್ ಮಾತ್ರ ಒಳಗೆ ಬಿಡತ್ತೆ, ಡಿಟೆಕ್ಟರನ್ನ ಸಣ್ಣದೊಂದು ಕೂಲರ್ ತುಂಬಾ ಕಡಿಮೆ ಉಷ್ಣತೆಗೆ ಇಳಿಸಿರತ್ತೆ, ಇಲ್ಲಾಂದ್ರೆ ಅದರ ಸ್ವಂತ ಬಿಸಿಯೇ ಚಿತ್ರವನ್ನ ಹಾಳು ಮಾಡತ್ತೆ. ಬರಿಗಣ್ಣಿಗೆ ಖಾಲಿ ಆಕಾಶ, ಕ್ಯಾಮೆರಾದಲ್ಲಿ ಹೊಗೆ ಥರ ಒಂದು ರಾಶಿ ಮುಚ್ಚಳದಿಂದ ಎದ್ದು ಟ್ಯಾಂಕಿನ ಅಂಚು ದಾಟಿ ಕೆಳಕ್ಕೆ ಇಳೀತಿರತ್ತೆ. ಹೌದು, ಕೆಳಕ್ಕೆ, ಯಾಕಂದ್ರೆ ಟ್ಯಾಂಕಿನ ಆವಿಯಲ್ಲಿ ಪ್ರೊಪೇನು, ಬ್ಯೂಟೇನು, ಪೆಂಟೇನು ಜಾಸ್ತಿ, ಗಾಳಿಗಿಂತ ಭಾರ. ಮೊದಲ ಸಲ ನೋಡಿದವರು ಬೆಚ್ಚಿಬೀಳ್ತಾರೆ, ಪಕ್ಕದಲ್ಲೇ ನಿಂತು ಕೆಲಸ ಮಾಡೋರಿಗೂ ಗೊತ್ತಿರಲ್ಲ ತಾವು ಏನನ್ನ ಉಸಿರಾಡ್ತಿದ್ದೀವಿ ಅಂತ.

ಆದ್ರೆ ಕ್ಯಾಮೆರಾಗೂ ಮಿತಿ ಇದೆ. ಗ್ಯಾಸು ಮತ್ತೆ ಹಿನ್ನೆಲೆ ನಡುವೆ ಉಷ್ಣತೆ ವ್ಯತ್ಯಾಸ ಇರಬೇಕು, ಎರಡೂ ಒಂದೇ ಇದ್ರೆ ಗ್ಯಾಸು ಇದ್ರೂ ಕಾಣಲ್ಲ. ಗಾಳಿ ಜೋರಾಗಿದ್ರೆ ಚದುರಿಹೋಗತ್ತೆ. ದೂರ ಹೋದಷ್ಟೂ ಸಣ್ಣ ಸೋರಿಕೆ ಮಾಯ. ಬರ್ನರ್ ತುದಿಯಿಂದ ಬರೋ ಬಿಸಿ ಗಾಳಿ, ನೀರಾವಿ ನೋಡಿ ಸುಡದ ಗ್ಯಾಸು ಅಂತ ತಪ್ಪು ತಿಳ್ಕೊಳ್ಳೋ ಅಪಾಯ ಇದೆ, ಅನುಭವ ಇರೋ ಆಪರೇಟರ್ ಬೇಕು. ಎಲ್ಲಕ್ಕಿಂತ ಮುಖ್ಯ ಸಮಯ. ಮೇಲೆ ಲೆಕ್ಕ ಹಾಕಿದ್ವಲ್ಲ, ದಿನದ 1,340 ನಿಮಿಷ ಶಾಂತ, ಆ ಹೊತ್ತಲ್ಲಿ ಬಂದು ಎರಡು ನಿಮಿಷ ಕ್ಯಾಮೆರಾ ಹಿಡಿದು ಸೋರಿಕೆ ಇಲ್ಲ ಅಂತ ಬರೆದು ಹೋದ್ರೆ ಅದು ತಪಾಸಣೆಯೇ ಅಲ್ಲ. ಡಂಪ್ ಆಗೋ ತನಕ ನಿಂತು, ಡಂಪ್ ಆಗ್ತಿರೋವಾಗ ಮತ್ತೆ ಆದ ತಕ್ಷಣ ನೋಡಬೇಕು, ಆ ಹೊತ್ತಲ್ಲಿ ಟ್ಯಾಂಕಿನ ಮಟ್ಟ ಎಷ್ಟಿತ್ತು ಅಂತಲೂ ಬರ್ಕೊಬೇಕು. ಈ ಒಂದು ಸಾಲು ಎಷ್ಟೋ ತಪಾಸಣೆ ವರದಿಗಳಲ್ಲಿ ಇರಲ್ಲ ಅನ್ನೋದು ನನಗೆ ನಿಜವಾಗ್ಲೂ ಬೇಜಾರು.

ಇನ್ನೊಂದು ಹಳೇ ಪದ್ಧತಿ ಇದೆ, ಇಪಿಎಯ ಮೆಥಡ್ 21. ಉಪಕರಣದ ಮೂತಿಯನ್ನ ಜಾಯಿಂಟಿನ ಸುತ್ತ ಆಡಿಸಿ ಎಷ್ಟು ಪಿಪಿಎಂ, ಅಂದ್ರೆ ಹತ್ತು ಲಕ್ಷ ಭಾಗ ಗಾಳಿಯಲ್ಲಿ ಎಷ್ಟು ಭಾಗ ಆವಿ, ಬರತ್ತೆ ನೋಡೋದು, ನಿಯಮ ಯಾವುದು ಅನ್ನೋದರ ಮೇಲೆ 500 ಅಥವಾ 10,000 ಪಿಪಿಎಂ ದಾಟಿದ್ರೆ ಸೋರಿಕೆ ಅಂತ ಲೆಕ್ಕ. ವಾಲ್ವು, ಫ್ಲ್ಯಾಂಜಿಗೆ ಇದು ಒಳ್ಳೇದು, ಟ್ಯಾಂಕ್ ತಲೆ ಮೇಲೆ ಹತ್ತಿ ಮಾಡೋದು ಕಷ್ಟ, ಅಪಾಯ. ಮೇಲಾಗಿ ಪಿಪಿಎಂ ಅಂದ್ರೆ ಸಾಂದ್ರತೆ, ಹರಿವಲ್ಲ. ಸೂಜಿ ತೂತಿನ ಬಾಯಲ್ಲೂ 10,000 ಬರಬಹುದು, ಪೂರ್ತಿ ತೆರೆದ ಮುಚ್ಚಳದ ಮೇಲೂ ಉಪಕರಣ ಅದೇ ಗರಿಷ್ಠ ಅಂಕಿಗೆ ಹೋಗಿ ನಿಂತುಬಿಡಬಹುದು, ಗಂಟೆಗೆ ಎಷ್ಟು ಕಿಲೋ ಹೋಯ್ತು ಅನ್ನೋದು ಎರಡರಲ್ಲೂ ಗೊತ್ತಾಗಲ್ಲ.

ಥೀಫ್ ಹ್ಯಾಚನ್ನ ಹತ್ತಿರದಿಂದ ನೋಡಿದ್ರೆ ಕಥೆ ಇನ್ನೂ ಸ್ಪಷ್ಟ. ಮುಚ್ಚಳದ ಅಡಿಯಲ್ಲಿ ರಬ್ಬರಿನ ಗ್ಯಾಸ್ಕೆಟ್ ಉಂಗುರ ಇರತ್ತೆ, ಅದು ಕೂರೋ ಲೋಹದ ಅಂಚು ಬೆರಳಷ್ಟೂ ಅಗಲ ಇರಲ್ಲ. ಆ ಅಂಚಿನ ಮೇಲೆ ಮೇಣದ ಒಂದು ಪದರ ಒಣಗಿದ್ರೆ ಸಾಕು, ಮರಳಿನ ಕಾಳು ಕೂತ್ರೆ ಸಾಕು, ಅಳತೆ ಟೇಪು ಎಳೆದು ಎಳೆದು ಒಂದು ಗೀರು ಬಿದ್ರೆ ಸಾಕು. ಗ್ಯಾಸ್ಕೆಟ್ಟು ಗಟ್ಟಿಯಾಗಿ ಒಂದು ಕಡೆ ಚಪ್ಪಟೆಯಾಗಿರತ್ತೆ, ಮುಚ್ಚಳ ಮುಚ್ಚಿದೆ ಅಂತ ಕಂಡ್ರೂ ಕೊಂಡಿ ಪೂರ್ತಿ ಬಿದ್ದಿರಲ್ಲ. ಮುಚ್ಚಳದ ಸುತ್ತ ಟ್ಯಾಂಕಿನ ಬಣ್ಣದ ಮೇಲೆ ಕಪ್ಪಗೆ ಜಿಡ್ಡಿನ ಗೆರೆ ಇಳಿದಿದ್ರೆ ಅದು ಸಾಕ್ಷಿ, ಆವಿ ಪದೇಪದೇ ಅಲ್ಲಿಂದಲೇ ಹೋಗಿ ತಣ್ಣಗಾಗಿ ಹನಿಯಾಗಿ ಇಳಿದಿದೆ ಅಂತ ಅರ್ಥ. ಕ್ಯಾಮೆರಾ ಇಲ್ಲದೇನೇ ಕಾಣೋ ಗುರುತು ಇದು. ಇನ್ನೊಂದು ವಿಷಯ, ಸ್ಪ್ರಿಂಗ್ ಮುಚ್ಚಳಗಳು ಬರೆದಿರೋ ಪ್ರೆಶರ್‌ಗೆ ಬಂದ ಮೇಲೇ ತೆರೆಯತ್ತೆ ಅಂತಿಲ್ಲ, ಹತ್ತಿರ ಬರ್ತಿದ್ದಂಗೇ ಸಣ್ಣಗೆ ಉಸುರೋಕೆ ಶುರು ಮಾಡತ್ತೆ. ಹಾಗಾಗಿ ಡಿಸೈನ್ ಮಾಡೋವಾಗ 16 ಔನ್ಸ್ ಮುಚ್ಚಳ ಇದೆ ಅಂತ 15 ಔನ್ಸ್ ತನಕ ಪ್ರೆಶರ್ ಏರೋಕೆ ಬಿಡೋ ಹಾಗಿಲ್ಲ.

ಕಂಡಿದ್ದು ಆಯ್ತು, ಅಳೆಯೋದು?

ಕ್ಯಾಮೆರಾ ತೋರಿಸತ್ತೆ, ತೂಕ ಹಾಕಲ್ಲ. ಈಗ ವಿಡಿಯೋದಿಂದಲೇ ಹರಿವನ್ನ ಅಂದಾಜು ಮಾಡೋ ಸಾಫ್ಟ್‌ವೇರ್ ಬಂದಿದೆ, ಆದ್ರೆ ಗಾಳಿ, ಹಿನ್ನೆಲೆ, ದೂರ ಮೂರೂ ಕೈಕೊಡೋ ಜಾಗದಲ್ಲಿ ಅದರ ಅಂಕಿಯನ್ನ ಜೋಪಾನವಾಗಿ ಬಳಸಬೇಕು. ಟ್ಯಾಂಕಿನ ಲೆಕ್ಕದಲ್ಲಿ ಮೊದಲ ಹೆಜ್ಜೆ ಯಾವತ್ತೂ ದ್ರವದಿಂದಲೇ ಶುರು ಆಗಬೇಕು ಅನ್ನೋದು ನನ್ನ ಅಭಿಪ್ರಾಯ. ಸೆಪರೇಟರಿಂದ ಪ್ರೆಶರ್ ಕಳ್ಕೊಳ್ಳದ ಹಾಗೆ ಸಿಲಿಂಡರಲ್ಲಿ ಸ್ಯಾಂಪಲ್ ತೆಗೆದು ಲ್ಯಾಬಿಗೆ ಕಳಿಸೋದು, ಅಲ್ಲಿ ಯಾವ ಹೈಡ್ರೋಕಾರ್ಬನ್ ಎಷ್ಟಿದೆ ನೋಡಿ, ಆ ಪ್ರೆಶರಿಂದ ಟ್ಯಾಂಕಿನ ಪ್ರೆಶರ್‌ಗೆ ಇಳಿದ್ರೆ ಬ್ಯಾರೆಲ್‌ಗೆ ಎಷ್ಟು ಗ್ಯಾಸು ಬಿಡತ್ತೆ ಅಂತ ಸಿಮ್ಯುಲೇಷನ್ ಮಾಡೋದು. ಇಲ್ಲಿ ಒಂದು ಪರೀಕ್ಷೆಯನ್ನ ತುಂಬಾ ಜನ ಬಿಟ್ಟುಬಿಡ್ತಾರೆ. ಸೆಪರೇಟರಲ್ಲಿ ದ್ರವ ಮತ್ತೆ ಗ್ಯಾಸು ಸಮತೋಲದಲ್ಲಿರತ್ತೆ, ಹಾಗಾಗಿ ಆ ಉಷ್ಣತೆಯಲ್ಲಿ ಸ್ಯಾಂಪಲ್ಲಿನ ಬಬಲ್ ಪಾಯಿಂಟ್ ಪ್ರೆಶರು, ಅಂದ್ರೆ ದ್ರವದಿಂದ ಮೊದಲ ಗ್ಯಾಸಿನ ಗುಳ್ಳೆ ಏಳೋ ಪ್ರೆಶರು, ಸೆಪರೇಟರ್ ಪ್ರೆಶರ್‌ಗೆ ಹತ್ತಿರ ಬರಬೇಕು. ತುಂಬಾ ಕಡಿಮೆ ಬಂದ್ರೆ ಸ್ಯಾಂಪಲ್ ತೆಗೆಯೋವಾಗಲೇ ಗ್ಯಾಸು ಹೋಗಿದೆ ಅಂತ, ಆ ಸ್ಯಾಂಪಲ್ ಇಟ್ಕೊಂಡು ಹಾಕಿದ ಲೆಕ್ಕ ಎಮಿಷನ್ನನ್ನ, ಅಂದ್ರೆ ಹೊರಗೆ ಹೋಗೋ ಗ್ಯಾಸನ್ನ, ಕಡಿಮೆ ತೋರಿಸತ್ತೆ, ಅದರ ಮೇಲೆ ಕೊಂಡ ಬರ್ನರ್ ಚಿಕ್ಕದಾಗತ್ತೆ. ಒಂದು ಕೆಟ್ಟ ಸ್ಯಾಂಪಲ್ಲಿನ ಪರಿಣಾಮ ವರ್ಷಗಟ್ಲೆ ಇರತ್ತೆ.

ಎರಡನೇ ಹೆಜ್ಜೆ, ಆವಿ ಪೈಪಲ್ಲಿ ಮೀಟರ್ ಹಾಕೋದು. ಆ ಮೀಟರ್ ಅಳೆಯೋದು ಬರ್ನರ್‌ಗೆ ಹೋದ ಗ್ಯಾಸನ್ನ, ಮುಚ್ಚಳದಿಂದ ಹೋಗಿದ್ದನ್ನಲ್ಲ. ಆದ್ರೂ ಅದರ ಬೆಲೆ ದೊಡ್ಡದು, ಯಾಕಂದ್ರೆ ದ್ರವದ ಲೆಕ್ಕದಲ್ಲಿ ದಿನಕ್ಕೆ ಇಷ್ಟು ಬರಬೇಕಿತ್ತು, ಪೈಪಲ್ಲಿ ಹೋಗಿದ್ದು ಇಷ್ಟು, ಮಧ್ಯದ ಕೊರತೆ ಎಲ್ಲಿ ಅನ್ನೋ ಪ್ರಶ್ನೆ ಹುಟ್ಟತ್ತೆ. ಮೀಟರ್ ಆರಿಸೋವಾಗ ಎರಡು ಎಚ್ಚರಿಕೆ: ಥರ್ಮಲ್ ಮೀಟರ್, ಅಂದ್ರೆ ಗ್ಯಾಸು ಎಷ್ಟು ಶಾಖ ಹೊತ್ತೊಯ್ಯತ್ತೆ ಅಂತ ನೋಡಿ ಹರಿವು ಅಳೆಯೋದು, ಗ್ಯಾಸಿನ ಮಿಶ್ರಣದ ಮೇಲೆ ಅವಲಂಬಿಸಿರತ್ತೆ, ಮೀಥೇನಿಗೆ ಕ್ಯಾಲಿಬ್ರೇಟ್ ಆಗಿದ್ದನ್ನ ಭಾರದ ಆವಿಗೆ ಹಾಕಿದ್ರೆ ತಪ್ಪು ಅಂಕಿ, ಮತ್ತೆ ಔನ್ಸ್ ಲೆಕ್ಕದಲ್ಲಿ ಕೆಲಸ ಮಾಡೋ ಪೈಪಲ್ಲಿ ಅಡ್ಡ ಹಾಕಿದ ಮೀಟರೇ ತಡೆ ಆಗಿ ಮುಚ್ಚಳ ಏಳಿಸಿಬಿಡಬಹುದು, ಅಳೆಯೋಕೆ ಹೋಗಿ ಸೋರಿಕೆ ಮಾಡಿದ ಹಾಗೆ.

ಹೊರಗಿಂದ ಅಳೆಯೋದಕ್ಕೆ ಟ್ರೇಸರ್ ವಿಧಾನ ನನಗೆ ಹೆಚ್ಚು ನಂಬಿಕೆ ಕೊಡತ್ತೆ. ಟ್ಯಾಂಕಿನ ಪಕ್ಕ ಅಸಿಟಲೀನ್ ಅಥವಾ ನೈಟ್ರಸ್ ಆಕ್ಸೈಡ್ ಥರದ ಗ್ಯಾಸನ್ನ ಗೊತ್ತಿರೋ ಪ್ರಮಾಣದಲ್ಲಿ ಬಿಡ್ತಾರೆ, ಗಾಳಿ ಹೋಗೋ ದಿಕ್ಕಿಗೆ ದೂರದಲ್ಲಿ ಈ ಗ್ಯಾಸು, ಟ್ಯಾಂಕಿನ ಆವಿ ಎರಡನ್ನೂ ಅಳೀತಾರೆ, ಎರಡೂ ಒಂದೇ ರೀತಿ ಚದುರಿರತ್ತೆ ಅಂತ ಹಿಡಿದು ಅನುಪಾತದಿಂದ ಟ್ಯಾಂಕಿನ ಹರಿವನ್ನ ತೆಗೀತಾರೆ. ಗಾಳಿಯ ಮಾಡೆಲ್ ಬೇಕಿಲ್ಲ ಅನ್ನೋದೇ ಅದರ ಶಕ್ತಿ, ರಸ್ತೆ ಸರಿಯಾದ ಜಾಗದಲ್ಲಿ ಇರಬೇಕು ಅನ್ನೋದು ಅದರ ಕಷ್ಟ.

ಸರಿ, ಇವೆಲ್ಲಾ ಒಂದು ದಿನದ ಅಳತೆ. ಒಪ್ಪಂದದ ಭಾಗವಾಗಿ ಬಂದ ಟ್ಯಾಂಕ್ ಪ್ರೆಶರ್ ಮಾನಿಟರು ನೋಡೋಕೆ ಸಾಮಾನ್ಯ ಸಲಕರಣೆ, ಆದ್ರೆ ಹಗಲು ರಾತ್ರಿ ನಿಂತು ನೋಡೋದು ಅದೊಂದೇ. ಒಳಗಿನ ಪ್ರೆಶರನ್ನ ನಿರಂತರ ದಾಖಲು ಮಾಡ್ತಾ ಹೋದ್ರೆ ಗೆರೆ ತಾನೇ ಮಾತಾಡತ್ತೆ. ಡಂಪ್ ಆದಾಗ ಏರಿ ನಿಧಾನಕ್ಕೆ ಇಳಿದ್ರೆ ಬರ್ನರ್ ಎಳ್ಕೊಳ್ತಿದೆ ಅಂತ. ಏರಿ ಏರಿ ಒಂದು ಮಟ್ಟದಲ್ಲಿ ಚಪ್ಪಟೆ ಆದ್ರೆ ಮುಚ್ಚಳ ಎದ್ದಿದೆ ಅಂತ. ಡಂಪ್ ಆದ್ರೂ ಏರೋದೇ ಇಲ್ಲ, ಸದಾ ಸೊನ್ನೆ ಹತ್ತಿರ ಅಂದ್ರೆ ಖುಷಿ ಪಡಬೇಡಿ, ಮುಚ್ಚಳ ತೆರೆದೇ ಇರಬಹುದು. ಕೆಜಿ ಲೆಕ್ಕ ಕೊಡಲ್ಲ ನಿಜ, ಆದ್ರೆ ಯಾವಾಗ, ಎಷ್ಟು ಸಲ, ಎಷ್ಟು ಹೊತ್ತು ಅನ್ನೋದನ್ನ ಕೊಡತ್ತೆ, ಕೆಲಸ ಮಾಡೋರಿಗೆ ಬೇಕಾಗಿರೋದೂ ಅದೇ.

ಈ ತೊಂದರೆ ಒಂದು ಕಂಪನಿದು ಮಾತ್ರ ಅಂದ್ಕೋಬೇಡಿ. 2016ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಹೆಲಿಕಾಪ್ಟರಲ್ಲಿ ಇನ್‌ಫ್ರಾರೆಡ್ ಕ್ಯಾಮೆರಾ ಇಟ್ಕೊಂಡು ಅಮೆರಿಕದ 7 ಬೇಸಿನ್‌ಗಳ 8,000ಕ್ಕೂ ಹೆಚ್ಚು ಬಾವಿ ಸ್ಥಳಗಳನ್ನ ನೋಡಿದ್ರು. ಸುಮಾರು 4 ಶೇಕಡಾ ಸ್ಥಳಗಳಲ್ಲಿ ದೊಡ್ಡ ಎಮಿಷನ್ ಕಂಡಿತು, ಅದರಲ್ಲಿ 90 ಶೇಕಡಾಕ್ಕಿಂತ ಹೆಚ್ಚು ಟ್ಯಾಂಕಿನ ವೆಂಟು ಮತ್ತೆ ಹ್ಯಾಚಿಂದಲೇ. ಬಾವಿ, ಕಂಪ್ರೆಸರು, ವಾಲ್ವು ಎಲ್ಲಾ ಪಕ್ಕಕ್ಕಿಟ್ರೆ ಉಳಿಯೋದು ಟ್ಯಾಂಕಿನ ತಲೆ.

ಸರಿಮಾಡೋಕೆ ಏನು ಮಾಡ್ತಾರೆ

ದೊಡ್ಡ ಬರ್ನರ್ ಹಾಕೋದು ಎಲ್ಲರಿಗೂ ಮೊದಲು ಹೊಳೆಯೋದು, ಆದ್ರೆ ಬಹಳ ಸಲ ತೊಂದರೆ ಮಧ್ಯದ ಪೈಪಲ್ಲಿರತ್ತೆ. ಆವಿ ಪೈಪು ಸಣ್ಣದಿದ್ರೆ ಬರ್ನರ್ ಎಷ್ಟು ದೊಡ್ಡದಿದ್ರೂ ಅಲ್ಲಿಗೆ ಮುಟ್ಟಲ್ಲ. ಪೈಪು ಎಲ್ಲೋ ಒಂದು ಕಡೆ ಜೋತು ಬಿದ್ದಿದ್ರೆ ಆ ತಗ್ಗಲ್ಲಿ ಆವಿ ತಣ್ಣಗಾಗಿ ದ್ರವ ನಿಲ್ಲತ್ತೆ. ಒಂದು ಅಡಿ ಎತ್ತರ ದ್ರವ ನಿಂತ್ರೂ ಅದನ್ನ ತಳ್ಳೋಕೆ ನಾಲ್ಕೈದು ಔನ್ಸ್ ಪ್ರೆಶರ್ ಬೇಕು, ಟ್ಯಾಂಕಿನ ಒಟ್ಟು ತಾಕತ್ತಲ್ಲಿ ಕಾಲು ಭಾಗ ಅಲ್ಲೇ ಹೋಯ್ತು. ಪೈಪಿಗೆ ಇಳಿಜಾರು ಕೊಟ್ಟು ತಗ್ಗಲ್ಲಿ ದ್ರವ ಹೊರತೆಗೆಯೋ ವ್ಯವಸ್ಥೆ ಮಾಡಿದ್ರೆ ಎಷ್ಟೋ ಕಡೆ ಅರ್ಧ ತೊಂದರೆ ಮುಗಿಯತ್ತೆ.

ಅದಕ್ಕಿಂತ ಒಳ್ಳೇದು ಬರೋ ಹೊಡೆತವನ್ನೇ ತಗ್ಗಿಸೋದು. ಡಂಪ್ ವಾಲ್ವಿನ ಒಳಗಿನ ರಂಧ್ರ ಚಿಕ್ಕದು ಮಾಡಿದ್ರೆ ಒಂದು ನಿಮಿಷದಲ್ಲಿ ಬರ್ತಿದ್ದದ್ದು ನಾಲ್ಕು ನಿಮಿಷಕ್ಕೆ ಹರಡ್ಕೊಳ್ಳತ್ತೆ, ಮೇಲಿನ ಲೆಕ್ಕದಲ್ಲಿ ನಿಮಿಷಕ್ಕೆ 3 ಇದ್ದದ್ದು 0.75 ಆಗತ್ತೆ, ಹಳೇ ಬರ್ನರೇ ಸಾಕಾಗತ್ತೆ. ಬಾವಿಗಳು ಒಟ್ಟಿಗೆ ಡಂಪ್ ಆಗದ ಹಾಗೆ ನೋಡ್ಕೊಳ್ಳೋದು ಇನ್ನೊಂದು. ಸೆಪರೇಟರ್ ಮತ್ತೆ ಟ್ಯಾಂಕ್ ನಡುವೆ ಕಡಿಮೆ ಪ್ರೆಶರಿನ ಇನ್ನೊಂದು ಪಾತ್ರೆ ಇಟ್ರೆ ಹೆಚ್ಚಿನ ಗ್ಯಾಸು ಅಲ್ಲೇ ಬಿಡುಗಡೆ ಆಗತ್ತೆ, ಅದನ್ನ ಕಂಪ್ರೆಸ್ ಮಾಡಿ ಮಾರೋ ಪೈಪ್‌ಲೈನಿಗೆ ಹಾಕಬಹುದು, ಸುಟ್ಟು ಹಾಕೋ ಬದಲು. ನನಗೆ ಇದೇ ಸರಿಯಾದ ದಾರಿ ಅನ್ಸತ್ತೆ, ಖರ್ಚು ಜಾಸ್ತಿ ಅಂತಾರೆ ಆದ್ರೆ ಟ್ಯಾಂಕಿನ ಆವಿ ಭಾರದ ಗ್ಯಾಸು, ಶಾಖದ ಲೆಕ್ಕದಲ್ಲಿ ಬೆಲೆಬಾಳೋದು.

ಇವೆಲ್ಲಾ ಮಾಡಿದ್ರೂ ಡಂಪ್ ವಾಲ್ವು ಕಸ ಸಿಕ್ಕಿ ತೆರೆದೇ ಉಳಿದ್ರೆ ದ್ರವ ಖಾಲಿಯಾಗಿ ಸೆಪರೇಟರಿನ ಗ್ಯಾಸೇ ನೇರ ಟ್ಯಾಂಕಿಗೆ ನುಗ್ಗತ್ತೆ, ಯಾವ ಡಿಸೈನೂ ಅದನ್ನ ತಡೆಯಲ್ಲ. ಪ್ರೆಶರ್ ಮಾನಿಟರ್ ಅಲ್ಲೇ ಜೀವ ಉಳಿಸೋದು, ಅಲಾರಂ ಬಂದ ತಕ್ಷಣ ಬಾವಿ ಮುಚ್ಚಬಹುದು.

ಜೀವ ಅಂದೆ, ಅದನ್ನ ಸುಮ್ನೆ ಅಂದಿದ್ದಲ್ಲ. ಕೈಯಾರೆ ಹ್ಯಾಚ್ ತೆಗೆದು ಅಳತೆ ಮಾಡೋರ ಮುಖಕ್ಕೆ ಇದೇ ಆವಿ ಬಡಿಯತ್ತೆ. 2010ರಿಂದ 2014ರ ಒಳಗೆ ಅಮೆರಿಕದಲ್ಲಿ ಟ್ಯಾಂಕ್ ಅಳೆಯೋವಾಗ, ಸ್ಯಾಂಪಲ್ ತೆಗೆಯೋವಾಗ 9 ಕೆಲಸಗಾರರು ಸತ್ತಿದ್ರು ಅಂತ ಅಲ್ಲಿನ ಔದ್ಯೋಗಿಕ ಆರೋಗ್ಯ ಸಂಸ್ಥೆ ನಿಯೋಶ್ ಗುರುತಿಸಿ, 2016ರಲ್ಲಿ ಕೆಲಸದ ಜಾಗದ ಸುರಕ್ಷತೆ ನೋಡೋ ಸರ್ಕಾರಿ ಸಂಸ್ಥೆ ಓಶಾ ಜೊತೆ ಎಚ್ಚರಿಕೆ ಹೊರಡಿಸ್ತು. ಹೈಡ್ರೋಕಾರ್ಬನ್ ಆವಿ ಜಾಸ್ತಿ, ಆಮ್ಲಜನಕ ಕಡಿಮೆ, ಎರಡು ಉಸಿರಲ್ಲಿ ಪ್ರಜ್ಞೆ ತಪ್ಪತ್ತೆ, ಒಬ್ಬರೇ ಇದ್ರೆ ಕೂಗೋಕೂ ಆಗಲ್ಲ. ಮುಚ್ಚಳ ತೆಗೆಯದೇ ಮಟ್ಟ ಅಳೆಯೋ ಗೇಜು ಹಾಕಿದ್ರೆ ಎಮಿಷನ್ನೂ ಇಳಿಯತ್ತೆ, ಮನುಷ್ಯರೂ ಉಳೀತಾರೆ. ಹೊಸ ಅಳತೆ ಯೋಜನೆ ಮಾಡೋರು ಯಾರೇ ಆಗಲಿ, ಟ್ಯಾಂಕ್ ತಲೆ ಮೇಲೆ ಆಳು ಹತ್ತಿಸೋ ವಿಧಾನವನ್ನ ಕೊನೇ ಆಯ್ಕೆ ಮಾಡ್ಕೊಳ್ಳಿ, ಗ್ಯಾಸ್ ಅಲಾರಂ ಮೈಮೇಲೆ ಇಲ್ಲದೆ ಯಾರನ್ನೂ ಕಳಿಸಬೇಡಿ.

ನೋಬಲ್ ಪ್ರಕರಣ ಆದ ಅದೇ ವರ್ಷ ಸೆಪ್ಟೆಂಬರಲ್ಲಿ ಇಪಿಎ, ನಿಯಂತ್ರಣ ಇರೋ ಟ್ಯಾಂಕುಗಳಿಂದಲೂ ಎಮಿಷನ್ ಕಾಣ್ತಿದೆ ಅಂತ ಇಡೀ ಉದ್ಯಮಕ್ಕೆ ಎಚ್ಚರಿಕೆ ಪತ್ರ ಹೊರಡಿಸ್ತು. 2017ರಲ್ಲಿ ಅದೇ ಬೇಸಿನ್ನಿನ ಪಿಡಿಸಿ ಎನರ್ಜಿ ಮೇಲೂ ಹೆಚ್ಚುಕಮ್ಮಿ ಇದೇ ಥರದ ಒಪ್ಪಂದ ಆಯ್ತು. ನೋಬಲ್ ಕಂಪನಿಯನ್ನ 2020ರಲ್ಲಿ ಶೆವ್ರಾನ್ ಕೊಂಡ್ಕೊಂಡಿತು. 2012ರ ಇಪಿಎ ನಿಯಮ ವರ್ಷಕ್ಕೆ 6 ಟನ್ ವಿಒಸಿ ಅನ್ನೋ ಮಿತಿಯನ್ನ ಒಂದೊಂದು ಟ್ಯಾಂಕಿಗೆ ಲೆಕ್ಕ ಹಾಕ್ತಿತ್ತು, 2024ರ ಮಾರ್ಚಲ್ಲಿ ಪ್ರಕಟವಾದ ನಿಯಮ ಹೊಸ ಟ್ಯಾಂಕುಗಳಿಗೆ ಅದನ್ನ ಇಡೀ ಬ್ಯಾಟರಿಗೆ ಲೆಕ್ಕ ಹಾಕತ್ತೆ, ಜೊತೆಗೆ 20 ಟನ್ ಮೀಥೇನ್ ಅನ್ನೋ ಮಿತಿಯನ್ನೂ ಸೇರಿಸಿದೆ. ನಾಲ್ಕು ಟ್ಯಾಂಕಿಗೆ ಹಂಚಿ ಒಂದೊಂದೂ ಮಿತಿಯೊಳಗಿದೆ ಅಂತ ತೋರಿಸೋ ದಾರಿ ಅಲ್ಲಿ ಮುಚ್ಚಿತು. ಟನ್ನಿನ ಲೆಕ್ಕ ಮಾತ್ರ ಈಗಲೂ ವರ್ಷದ್ದೇ, ಡಂಪ್ ಆಗೋ ಆ ಒಂದು ನಿಮಿಷದಲ್ಲಿ ಮುಚ್ಚಳ ಏಳತ್ತಾ ಇಲ್ವಾ ಅನ್ನೋದನ್ನ ಪ್ರತಿ ಬ್ಯಾಟರಿಯಲ್ಲೂ ಬೇರೆಯಾಗೇ ನೋಡಬೇಕು, ಟ್ಯಾಂಕು ತುಂಬೋಕೆ ಬಂದಿರೋ ಹೊತ್ತಲ್ಲಿ.